ಹೋಗಲು ಮೂವತ್ತನಾಲ್ಕು, ಬರಲು ಮೂವತ್ತನಾಲ್ಕು

ಭಾನುವಾರ, ಬೆಳಗಿನ ಐದೂಮುಕ್ಕಾಲು. ನರ್ಸಿಂಗ್ ಶಾಲೆಯ ಸಭಾಂಗಣದಲ್ಲಿ ಮುನ್ನೂರ ಇಪ್ಪತ್ತು ಖಾಲಿ ಕುರ್ಚಿಗಳು, ಒಂದು ಏಣಿ, ಮೂವರು ಮನುಷ್ಯರು. ಎತ್ತರದ ಕಿಟಕಿಗಳಲ್ಲಿ ಬೆಳಕಿನ್ನೂ ಬೂದು ಬಣ್ಣದಲ್ಲೇ ಇದೆ. ವೇದಿಕೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಹೆಂಗಸೊಬ್ಬರು ಹತ್ತಿ ಹಗ್ಗವೊಂದರ ತುದಿಯನ್ನು ಆಂಪ್ಲಿಫೈಯರಿನ ಬೆನ್ನಿಗೆ ಒತ್ತಿ ಹಿಡಿದು, ಉಳಿದದ್ದನ್ನು ಗೋಡೆಯ ಬುಡದುದ್ದಕ್ಕೂ ಹಾಯಿಸುತ್ತಿದ್ದಾರೆ. ಹಗ್ಗದ ತುಂಬ ಗಂಟುಗಳು. ಅವರು ಗಂಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಾರೆ, ಕಣ್ಣಿನಿಂದಲ್ಲ.

"ಹನ್ನೊಂದು, ಹನ್ನೆರಡು... ರೀ, ಆ ಮೂಲೇಲಿ ಸಡಿಲ ಬಿಡಬೇಡಿ. ವೈರು ಮೂಲೆ ಸುತ್ಕೊಂಡೇ ಹೋಗ್ಬೇಕು, ಗೋಡೆ ತೂರ್ಕೊಂಡು ಹೋಗಲ್ಲ."

"ನಾನೂ ಇಪ್ಪತ್ತೊಂಬತ್ತು ವರ್ಷದಿಂದ ಸುತ್ಕೊಂಡೇ ಹೋಗ್ತಿದೀನಲ್ಲ, ಹಗ್ಗಕ್ಕೇನು ಕಷ್ಟ" ಎಂದು ಏಣಿಯ ಮೇಲಿಂದ ಗಂಡ ಹೇಳುತ್ತಾರೆ.

"ಹದಿಮೂರು. ಮಾತಾಡ್ಸಿ ಲೆಕ್ಕ ತಪ್ಪಿಸ್ಬೇಡಿ. ಈ ಹಾಲಿನಲ್ಲಿ ಒಂದ್ಸಲ ತಪ್ಪಿದ್ದೇ ಸಾಕು."

ಹಗ್ಗ ಗೋಡೆ ಹತ್ತುತ್ತದೆ, ತೊಲೆಯ ಗುಂಟ ಸಾಗುತ್ತದೆ, ಕೊನೆಯ ಸಾಲಿನ ಮೇಲಿರುವ ಸ್ಪೀಕರಿಗೆ ಇಳಿಯುತ್ತದೆ. "ಅರವತ್ತೆಂಟು" ಎನ್ನುತ್ತಾರೆ ಅವರು. ಮತ್ತೆ ಮೊದಲಿನಿಂದ ಅಳೆಯುತ್ತಾರೆ. ಮತ್ತೆ ಅರವತ್ತೆಂಟು. ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಮಂಡಿಗಳ ಮೇಲೆ ಕೈಯಿಟ್ಟುಕೊಂಡು ಕುಳಿತ ಮೂರನೆಯ ಮನುಷ್ಯ ಆ ಸಂಖ್ಯೆಯನ್ನು ಬಾಯೊಳಗೇ ಹೇಳಿಕೊಳ್ಳುತ್ತಾರೆ.

ಧ್ವನಿವರ್ಧಕದ ಕಸುಬಿನವರೆಲ್ಲ ಈ ಹೆಂಗಸನ್ನು ವೈರಕ್ಕ ಎಂದು ಕರೆಯುತ್ತಾರೆ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುವುದು. ವಯಸ್ಸು ಐವತ್ತೊಂದು. ಇಪ್ಪತ್ತೇಳು ವರ್ಷಗಳಿಂದ ಅವರ ಕೆಲಸ ಒಂದೇ: ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಎಷ್ಟು ದಪ್ಪದ ವೈರು ಹೋಗಬೇಕೆಂದು ತೀರ್ಮಾನಿಸುವುದು, ಆಮೇಲೆ ಅದನ್ನು ಎಳೆಯುವುದು. ಸ್ಪೀಕರ್ ಆರಿಸುವವರು ಬೇರೆ. ಅದರ ಮುಂದೆ ನಿಂತು ಮಾತಾಡುವವರು ಬೇರೆ. ಎರಡರ ನಡುವೆ ಗೋಡೆಯೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ದಿನ ಬರುವುದು ಏನಾದರೂ ಕೆಟ್ಟಾಗ ಮಾತ್ರ.

ಇಲ್ಲಿ ಕೆಟ್ಟಿದೆ. ಕೊನೆಯ ಸಾಲಲ್ಲಿ ಕುಳಿತಿರುವ ಆ ಮೂರನೆಯ ಮನುಷ್ಯ ಈ ಸಭಾಂಗಣದ ಅಟೆಂಡರ್. ಹತ್ತೊಂಬತ್ತು ವರ್ಷಗಳಿಂದ ಇಲ್ಲಿಯ ಮೈಕು, ದೀಪ, ಬೀಗದ ಕೈ ಎಲ್ಲ ಅವರದೇ. ವಿದ್ಯಾರ್ಥಿನಿಯರು ಮೈಕಣ್ಣ ಎನ್ನುತ್ತಾರೆ. ನಿವೃತ್ತಿಗೆ ಇನ್ನು ಮೂರು ವರ್ಷ. ನಾಳೆ, ಸೋಮವಾರ, ಒಂಬತ್ತು ಗಂಟೆಗೆ ಇಲ್ಲೊಂದು ಪಾಠವಿದೆ. ವಾಲ್ಯೂಮ್ ಗುಂಡಿಯನ್ನು ಐದರ ಆಚೆ ತಿರುಗಿಸದೆ ಆ ಪಾಠ ಕೊನೆಯ ಸಾಲಿಗೆ ಕೇಳಿಸಿದರೆ ಮೈಕಣ್ಣ ಇಲ್ಲೇ ಉಳಿಯುತ್ತಾರೆ. ಕೇಳಿಸದಿದ್ದರೆ ಮಂಗಳವಾರದಿಂದ ಅವರಿಗೆ ಗೇಟಿನ ಬಳಿ ಕಾವಲಿನ ಸ್ಟೂಲು. ನೋಟಿಸಿನಲ್ಲಿ ಕಾರಣದ ಜಾಗದಲ್ಲಿ ಹೀಗೆ ಬರೆದಾಗಿದೆ: ಶ್ರವಣಶಕ್ತಿ ಕುಂದಿರುವುದರಿಂದ.

ವೈರಕ್ಕನ ಮನೆ ಎರಡು ಕೋಣೆಯದು. ಮುಂದಿನ ಕೋಣೆ ಮನೆಯೂ ಹೌದು, ಉಗ್ರಾಣವೂ ಹೌದು. ಬಾಗಿಲಿನ ಎಡಕ್ಕೆ ಚಪ್ಪಲಿ, ಬಲಕ್ಕೆ ವೈರಿನ ಸುರುಳಿಗಳು; ಸಣ್ಣದು ಕೆಳಗೆ, ದಪ್ಪದ್ದು ಮೇಲೆ. "ದಪ್ಪದ್ದನ್ನ ಕೆಳಗಿಟ್ರೆ ಎತ್ತೋವಾಗ ಸೊಂಟ ಹೋಗುತ್ತೆ. ಸಣ್ಣದನ್ನ ಬಗ್ಗಿ ತಗೋಬಹುದು" ಎಂದು ಅವರು ವಿವರಿಸುತ್ತಾರೆ. ಸುರುಳಿಗಳ ಪಕ್ಕದ ಕುರ್ಚಿಯಲ್ಲಿ ಅತ್ತೆ. ಎಪ್ಪತ್ತೊಂಬತ್ತು ವರ್ಷ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮನಸ್ಸಾದಾಗ ಕೇಳುತ್ತದೆ. ಬಾಡಿಗೆಗೆ ಹೋಗಿ ಬಂದ ವೈರುಗಳನ್ನೆಲ್ಲ ಅವರು ತೊಡೆಯ ಮೇಲೆಳೆದುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಒರೆಸುತ್ತಾ ಒರೆಸುತ್ತಾ ಎಲ್ಲಿ ಸಿಪ್ಪೆ ಕಿತ್ತಿದೆ, ಎಲ್ಲಿ ಯಾರದೋ ಬೂಟು ತುಳಿದಿದೆ ಎಂದು ಪತ್ತೆ ಮಾಡುವುದು ಅವರ ಬೆರಳುಗಳೇ.

ಬಟ್ಟೆಯ ಬೀರುವಿನ ಬಾಗಿಲ ಒಳಬದಿಯಲ್ಲಿ, ಸೀರೆಗಳ ಎದುರಿಗೆ, ಮಾರ್ಕರ್ ಪೆನ್ನಿನಲ್ಲಿ ಬರೆದ ನಾಲ್ಕು ಸಾಲುಗಳಿವೆ. ಒಂದು ಸ್ಕ್ವೇರ್, ಇಪ್ಪತ್ಮೂರು. ಒಂದೂವರೆ, ಮೂವತ್ತೈದು. ಎರಡೂವರೆ, ಐವತ್ತೆಂಟು. ನಾಲ್ಕು, ತೊಂಬತ್ತು. ಸ್ಕ್ವೇರ್ ಎಂದರೆ ವೈರಿನೊಳಗಿನ ತಾಮ್ರದ ದಪ್ಪ. ಅಡ್ಡಲಾಗಿ ಕತ್ತರಿಸಿದರೆ ಎಷ್ಟು ಚದರ ಮಿಲಿಮೀಟರ್ ಕಾಣುತ್ತದೋ ಅಷ್ಟು. ಪಕ್ಕದ ಸಂಖ್ಯೆ, ಸಾಮಾನ್ಯ ಎಂಟು ಓಮ್ ತಡೆಯ ಸ್ಪೀಕರಿಗೆ ಆ ವೈರಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದು. ಇಷ್ಟೇ ಅವರ ಶಾಸ್ತ್ರ. ಇದರ ಹಿಂದಿನ ನಿಯಮವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

"ಸ್ಪೀಕರಿಗೂ ಒಂದು ತಡೆ ಇದೆ, ವೈರಿಗೂ ಒಂದು ತಡೆ ಇದೆ. ವೈರಿಂದು ಸ್ಪೀಕರಿನದರ ಇಪ್ಪತ್ತರಲ್ಲಿ ಒಂದು ಪಾಲು ದಾಟಬಾರದು. ದಾಟಿದ್ರೆ ಸ್ಪೀಕರಿಗೆ ಹೋಗಬೇಕಾದ್ದನ್ನ ದಾರೀಲಿ ವೈರೇ ತಿಂದುಬಿಡುತ್ತೆ. ಅದಕ್ಕೆ ಶಬ್ದ ಮಾಡೋಕೆ ಬರಲ್ಲ ನೋಡಿ, ಸುಮ್ನೆ ಬಿಸಿಯಾಗುತ್ತೆ. ದೂರ ಜಾಸ್ತಿಯಾದಷ್ಟೂ ತಡೆ ಜಾಸ್ತಿ, ದಪ್ಪ ಜಾಸ್ತಿಯಾದಷ್ಟೂ ಕಮ್ಮಿ. ಇದರಲ್ಲಿ ಗುಟ್ಟೇನೂ ಇಲ್ಲ."

ಹಾಗಾದರೆ ಎಲ್ಲ ಕಡೆಗೂ ದಪ್ಪದ್ದನ್ನೇ ಹಾಕಿದರಾಯಿತಲ್ಲ? ಈ ಪ್ರಶ್ನೆಗೆ ಅತ್ತೆ ನಗುತ್ತಾರೆ. ಬಲಗಿವಿಗೆ ಮನಸ್ಸಾಗಿರಬೇಕು. "ಅಂಗಡಿಯೋರು ಹಂಗೇ ಹೇಳ್ತಾರೆ. ಪಕ್ಕದ ಮನೆಗೆ ಹೋಗೋಕೆ ಲಾರಿ ಮಾಡ್ಕೊಂಡು ಹೋಗು ಅಂತ."

ನಾಲ್ಕು ಮೀಟರಿನ ಕೋಣೆಗೆ ಹೆಬ್ಬೆರಳಿನಷ್ಟು ದಪ್ಪದ ವೈರು ಕೊಂಡು ತಂದವರನ್ನು ವೈರಕ್ಕ ವಾಪಸ್ ಕಳಿಸಿದ್ದಾರೆ. ಬಂಗಾರದ ಬಣ್ಣದ ಹೆಣಿಗೆ ಸುತ್ತಿದ ವೈರು ತಂದವರನ್ನೂ ಕಳಿಸಿದ್ದಾರೆ. ಹೊಸ ಸುರುಳಿ ಬಂದರೆ ಅವರು ಮೊದಲು ಮಾಡುವುದು ತುದಿಯ ಒಂದಂಗುಲ ಸಿಪ್ಪೆ ತೆಗೆದು, ಎಳೆಗಳನ್ನು ಬ್ಲೇಡಿನಿಂದ ಕೆರೆಯುವುದು. ಕೆಂಪಗೇ ಉಳಿದರೆ ತಾಮ್ರ. ಬೆಳ್ಳಗಾದರೆ ಒಳಗಿರುವುದು ಅಲ್ಯೂಮಿನಿಯಂ, ತಾಮ್ರ ಮೇಲಿನ ಲೇಪ ಮಾತ್ರ. "ಹೊರಗಿಂದ ದಪ್ಪ ನೋಡಿ ಮೋಸ ಹೋಗ್ತಾರೆ. ಪ್ಲಾಸ್ಟಿಕ್ ಎಷ್ಟು ದಪ್ಪ ಇದ್ರೇನು, ಹಾಡು ಪ್ಲಾಸ್ಟಿಕ್ಕಲ್ಲಿ ಹೋಗುತ್ತಾ?"

ಈ ಎಳೆ ಎಣಿಸುವ ಬುದ್ಧಿ ಬಂದದ್ದು ಸಿದ್ಧ ಉಡುಪಿನ ಕಾರ್ಖಾನೆಯಿಂದ. ಮದುವೆಯಾದ ಹೊಸದರಲ್ಲಿ ಅವರು ದಿನಕ್ಕೆ ಇನ್ನೂರು ಅಂಗಿಗಳ ಕಾಲರ್ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ಸೋದರಮಾವ ರೇಡಿಯೊ ರಿಪೇರಿ ಅಂಗಡಿಯ ಜೊತೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಕಸ ಗುಡಿಸಲಿಕ್ಕಾದರೂ ಬರಲಿ ಎಂದು ಕರೆಸಿಕೊಂಡರು. ಎರಡನೆಯ ದಿನ ನೋಡಲು ಒಂದೇ ಥರದ ಎರಡು ವೈರಿನ ತುಂಡು ಕೈಗೆ ಕೊಟ್ಟು, ಯಾವುದು ಒಳ್ಳೆಯದು ಹೇಳು ಎಂದರು. ಅವರು ಎರಡನ್ನೂ ಕತ್ತರಿಸಿ, ದಾರದ ಎಳೆ ಬಿಡಿಸುವಂತೆ ಬಿಡಿಸಿ ಎಣಿಸಿದರು. ಒಂದರಲ್ಲಿ ಮೂವತ್ತು ಎಳೆ, ಇನ್ನೊಂದರಲ್ಲಿ ಹದಿನಾರು. "ಮಾವ ನನ್ನ ಕೈಯಿಂದ ಪೊರಕೆ ಇಸ್ಕೊಂಡು ತಾವೇ ಗುಡಿಸಿದ್ರು. ಅವತ್ತಿಂದ ನಾನು ಗುಡಿಸ್ಲಿಲ್ಲ."

ಗಂಟಿನ ಹಗ್ಗವೂ ಸೋದರಮಾವನದೇ. ಮೇಲ್ನೋಟಕ್ಕೆ ಅದು ಮೀಟರಿಗೊಂದು ಗಂಟು ಹಾಕಿದ ಹಗ್ಗದಂತೆ ಕಾಣುತ್ತದೆ. ಅಳೆದು ನೋಡಿದರೆ ಗಂಟಿನಿಂದ ಗಂಟಿಗೆ ಅರ್ಧ ಮೀಟರ್ ಮಾತ್ರ. ಅದಕ್ಕೊಂದು ಕಾರಣವಿದೆ. ಆಂಪ್ಲಿಫೈಯರಿನಿಂದ ಹೊರಟ ಕರೆಂಟು ಸ್ಪೀಕರಿನಲ್ಲೇ ಕುಳಿತುಬಿಡುವುದಿಲ್ಲ. ಜೋಡಿ ವೈರುಗಳ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಬೇಕು. ಹತ್ತು ಮೀಟರ್ ದೂರದ ಸ್ಪೀಕರಿಗೆ ಅದು ನಡೆಯುವ ದಾರಿ ಇಪ್ಪತ್ತು ಮೀಟರ್. ಎರಡರಿಂದ ಗುಣಿಸಲು ಮರೆಯುವುದು ಈ ಕಸುಬಿನ ಹಳೆಯ ತಪ್ಪು. ಮಾವ ತಮ್ಮ ಕೈಕೆಳಗಿನವರ ತಲೆಯನ್ನು ನಂಬದೆ, ಗುಣಾಕಾರವನ್ನು ಹಗ್ಗಕ್ಕೇ ಕಟ್ಟಿಬಿಟ್ಟರು. ಗಂಟು ಎಣಿಸಿದರೆ ಸಾಕು, ಹೋಗುವುದು ಬರುವುದು ಎರಡೂ ಸೇರಿದ ಲೆಕ್ಕ ಸಿಕ್ಕುತ್ತದೆ. ಬೀರುವಿನ ಬಾಗಿಲಲ್ಲಿರುವ ಸಂಖ್ಯೆಗಳೆಲ್ಲ ಗಂಟುಗಳ ಸಂಖ್ಯೆ, ಮೀಟರುಗಳದ್ದಲ್ಲ.

ವಾರದಲ್ಲಿ ಆರು ದಿನ ಕೆಲಸ. ಬೆಳಗ್ಗೆ ಐದಕ್ಕೆ ಎದ್ದರೆ ಆರರೊಳಗೆ ವ್ಯಾನು ತುಂಬಿರಬೇಕು. ವ್ಯಾನು ಓಡಿಸುವುದು, ಏಣಿ ಹಿಡಿಯುವುದು ಗಂಡನ ಕೆಲಸ. ನಾಲ್ಕು ಸ್ಕ್ವೇರಿನ ಜೋಡಿ ವೈರು ನೂರು ಮೀಟರಿನ ಸುರುಳಿಯಾದರೆ ಹನ್ನೊಂದು ಕಿಲೋ ತೂಗುತ್ತದೆ. ಬಾಡಿಗೆಯ ದಿನಗಳಲ್ಲಿ ಇನ್ನೂರೈವತ್ತರಿಂದ ಮುನ್ನೂರು ಮೀಟರ್ ವೈರು ಹಾಸಿ, ಸಂಜೆ ಅಷ್ಟನ್ನೂ ಸುತ್ತಬೇಕು. ಏಣಿ ಹತ್ತಿಳಿಯುವುದು ಎಷ್ಟು ಸಲವೆಂದು ಅವರು ಎಂದೂ ಎಣಿಸಿರಲಿಲ್ಲ. ಈ ಭಾನುವಾರ ಮಧ್ಯಾಹ್ನದವರೆಗೆ ಎಣಿಸಿದಾಗ ನಲವತ್ತಮೂರು.

ಹೊಸ ಜಾಗಕ್ಕೆ ಹೋದಾಗಲೆಲ್ಲ ಜನ ಮೊದಲು ಗಂಡನ ಜೊತೆ ಮಾತಾಡುತ್ತಾರೆ. "ಎಷ್ಟು ವೈರು ಬೇಕಾಗಬಹುದು ಯಜಮಾನ್ರೇ?" ಎನ್ನುತ್ತಾರೆ. "ನಂಗೆ ಪೆಟ್ರೋಲ್ ಎಷ್ಟು ಬೇಕು ಅಂತ ಮಾತ್ರ ಗೊತ್ತು ಸ್ವಾಮಿ, ವೈರು ಯಜಮಾನ್ತಿನ ಕೇಳಿ" ಎನ್ನುವುದು ಅವರ ಕಾಯಂ ಉತ್ತರ. ಆ ಮೇಲೂ ಅನುಮಾನ ಹೋಗದ ಒಬ್ಬ ಗುತ್ತಿಗೆದಾರ ವೈರಕ್ಕನನ್ನು ಪರೀಕ್ಷಿಸಲೆಂದು ಅವರ ಕಣ್ಣಿಗೆ ಬಟ್ಟೆ ಕಟ್ಟಿ ಐದು ತುಂಡು ವೈರು ಕೊಟ್ಟಿದ್ದನಂತೆ. ಬೆರಳಿನಲ್ಲಿ ಹೊರಳಿಸಿ ಐದರ ದಪ್ಪವನ್ನೂ ಹೇಳಿದರು. "ಸರ್ಕಸ್ ಮಾಡ್ಸಿದ ಪುಣ್ಯಾತ್ಮ. ಆಮೇಲಾದ್ರೂ ಕೆಲಸ ಕೊಟ್ಟ."

ಹೀಗೆ ಪರೀಕ್ಷೆಗೊಳಗಾದ ಸಂಕೋಚವೇ ಇರಬೇಕು, ನಾಲ್ಕು ವರ್ಷಗಳ ಹಿಂದೆ ಈ ನರ್ಸಿಂಗ್ ಶಾಲೆಯಲ್ಲಿ ಅವರ ಕೈಯಿಂದ ಹಗ್ಗವನ್ನು ಬಿಡಿಸಿದ್ದು.

ಅದು ಅವರಿಗೆ ಸಿಕ್ಕ ಮೊದಲ ದೊಡ್ಡ ಕಾಯಂ ಸಭಾಂಗಣ. ಕಟ್ಟಡದ ಎಂಜಿನಿಯರು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಅವರ ಕೈಯಲ್ಲಿ ಹೊಳೆಯುವ ಉಕ್ಕಿನ ಟೇಪು. ವೈರಕ್ಕ ಚೀಲದಿಂದ ಅರ್ಧ ಹೊರಗೆ ಬಂದಿದ್ದ ಹಗ್ಗವನ್ನು ಒಳಗೆ ತಳ್ಳಿದರು. "ಎತ್ತು ಕಟ್ಟೋ ಹಗ್ಗ ತಂದಿದಾಳೆ ಅಂದ್ಕೋತಾರೆ ಅನ್ನಿಸ್ತು." ಟೇಪಿನಲ್ಲಿ ಅಳೆದರು. ಕೊನೆಯ ಸಾಲಿನ ಸ್ಪೀಕರಿಗೆ ಮೂವತ್ತನಾಲ್ಕು ಎಂದು ಬಂತು. ಪುಸ್ತಕದಲ್ಲಿ ಬರೆದುಕೊಂಡರು. ಮನೆಗೆ ಬಂದು ಬೀರುವಿನ ಬಾಗಿಲು ತೆಗೆದರು. ಒಂದೂವರೆ ಸ್ಕ್ವೇರ್, ಮೂವತ್ತೈದು. ಸರಿಯಾಗಿ ಹೊಂದಿತು. ಗೋಡೆಯೊಳಗಿನ ಪೈಪಿನಲ್ಲಿ ಒಂದೂವರೆ ಸ್ಕ್ವೇರ್ ವೈರು ಎಳೆದರು, ಗಾರೆಯವರು ಮೇಲೆ ಮೆತ್ತಿದರು, ಬಣ್ಣ ಬಳಿದರು.

ಟೇಪು ಹೇಳಿದ್ದು ಮೀಟರು. ಬೀರು ಕೇಳಿದ್ದು ಗಂಟು.

ಮೂರು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಧ್ವನಿ ಒಂದಿಷ್ಟು ಸೋತಂತೆ ಇತ್ತು, ಮೈಕಣ್ಣ ಗುಂಡಿಯನ್ನು ಒಂದಿಷ್ಟು ಜಾಸ್ತಿ ತಿರುಗಿಸುತ್ತಿದ್ದರು, ನಡೆಯುತ್ತಿತ್ತು. ಎಂಟು ತಿಂಗಳ ಹಿಂದೆ ವಿದ್ಯಾರ್ಥಿನಿಯರ ಸಂಖ್ಯೆ ಹೆಚ್ಚಿತೆಂದು ಶಾಲೆಯವರು ಹಿಂದುಗಡೆ ಇನ್ನೆರಡು ಸ್ಪೀಕರ್ ತರಿಸಿದರು. ಮಾರಿದ ಅಂಗಡಿಯವರು ಅವನ್ನು ಹಳೆಯ ಸ್ಪೀಕರುಗಳ ಪಕ್ಕದಲ್ಲೇ ತೂಗುಹಾಕಿ, ಅವೇ ವೈರುಗಳ ತುದಿಗೆ ಸಿಕ್ಕಿಸಿ ಹೋದರು. ಈಗ ಒಂದೊಂದು ವೈರಿನ ಮೇಲೆ ಎರಡೆರಡು ಸ್ಪೀಕರಿನ ಭಾರ. ಆಂಪ್ಲಿಫೈಯರ್ ಕಳಿಸಿದ ಶಕ್ತಿಯಲ್ಲಿ ಆರರಲ್ಲೊಂದು ಪಾಲು ಗೋಡೆಯೊಳಗೇ ಬಿಸಿಯಾಗಿ ಮುಗಿದುಹೋಗುತ್ತಿತ್ತು. ಸ್ಪೀಕರ್ ಹೆಚ್ಚಾಯಿತು, ಧ್ವನಿ ಹೆಚ್ಚಾಗಲಿಲ್ಲ.

ಹಿಂದಿನವರು ಕೇಳುತ್ತಿಲ್ಲ ಎಂದು ಕೈ ಎತ್ತುತ್ತಿದ್ದರು. ಮೈಕಣ್ಣ ಗುಂಡಿಯನ್ನು ಏಳಕ್ಕೆ, ಎಂಟಕ್ಕೆ, ಒಂಬತ್ತಕ್ಕೆ ತಿರುಗಿಸುತ್ತಿದ್ದರು. ಆಂಪ್ಲಿಫೈಯರಿಗೆ ತಾಕತ್ತು ಮುಗಿದು ಮಾತು ಒಡೆಯುತ್ತಿತ್ತು; ತಗಡಿನ ಡಬ್ಬಿಯೊಳಗಿಂದ ಬಂದಂತೆ. ಆರು ತಿಂಗಳಲ್ಲಿ ಎರಡು ಸ್ಪೀಕರ್ ಸುಟ್ಟವು, ಬದಲಿ ತರಿಸಬೇಕಾಯಿತು. ಈ ಮನುಷ್ಯನಿಗೆ ಕಿವಿ ಕೇಳುತ್ತಿಲ್ಲ, ಅದಕ್ಕೇ ಇಷ್ಟು ಜೋರಿಡುತ್ತಾನೆ ಎಂದು ಯಾರೋ ಒಬ್ಬರು ಹೇಳಿದರು. ಆಮೇಲೆ ಎಲ್ಲರೂ ಹೇಳತೊಡಗಿದರು.

ಎರಡು ತಿಂಗಳ ಹಿಂದೆ ವೈರಕ್ಕನನ್ನೂ ಕರೆಸಿದ್ದರು. ಅವರು ಗೋಡೆಯ ವೈರಿನ ಡಬ್ಬಿಗಳನ್ನು ಬಿಚ್ಚಿ, ತಿರುಪುಗಳನ್ನು ಬಿಗಿಮಾಡಿ, ತಮ್ಮ ಹಳೆಯ ಪುಸ್ತಕ ತೆರೆದು ನೋಡಿದರು. ಮೂವತ್ತನಾಲ್ಕು, ಒಂದೂವರೆ. "ಸರಿಯಾಗೇ ಇದೆ" ಎಂದರು. ವೈರಿನಲ್ಲಿ ದೋಷವಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದರು. ವೈರೂ ಸರಿ, ಸ್ಪೀಕರೂ ಹೊಸದು ಎಂದ ಮೇಲೆ ಉಳಿದದ್ದು ಮೈಕಣ್ಣನ ಕಿವಿ ಮಾತ್ರ.

"ನಂಗೇ ಅನುಮಾನ ಬಂದುಬಿಟ್ಟಿತ್ತು" ಎನ್ನುತ್ತಾರೆ ಮೈಕಣ್ಣ. "ಮನೇಲಿ ಟೀವಿ ಹಾಕಿದ್ರೆ ನೀನು ಸೌಂಡ್ ಇಡು ಅಂತ ಹೆಂಡ್ತಿಗೆ ರಿಮೋಟ್ ಕೊಡ್ತಿದ್ದೆ. ಅವಳು ಮಾತಾಡಿದ್ರೆ ಕೇಳಿಸಿದ್ರೂ ಇನ್ನೊಂದ್ಸಲ ಹೇಳು ಅಂತಿದ್ದೆ, ಸರಿಯಾಗಿ ಕೇಳಿಸ್ತೋ ಇಲ್ವೋ ಅಂತ ನೋಡೋಕೆ. ಅವಳಿಗೂ ರೇಗಿಹೋಯ್ತು."

ಕಳೆದ ಗುರುವಾರ ಸಂಜೆ ಅವರು ವೈರಕ್ಕನ ಮನೆಗೆ ಬಂದದ್ದು ದೂರು ಹೇಳಲಿಕ್ಕಲ್ಲ. ಗೇಟಿಗೆ ಹೋಗುವ ಮೊದಲು, ಮುಂದೆ ಬರುವವನಿಗಾದರೂ ಹೇಳಿಕೊಡೋಣವೆಂದು, ಗುಂಡಿ ಎಷ್ಟಕ್ಕೆ ಇಡಬೇಕು ಎಂದು ಕೇಳಲಿಕ್ಕೆ ಬಂದಿದ್ದರು. ಅತ್ತೆ ಚಹಾ ಮಾಡಲು ಒಳಗೆ ಹೋದರು. ಅಡುಗೆಮನೆಯಲ್ಲಿ ಏನೋ ತಡಕಾಡುತ್ತಾ ತಮ್ಮಷ್ಟಕ್ಕೆ ಗೊಣಗಿದರು. ಮುಂದಿನ ಕೋಣೆಯಲ್ಲಿ ಮಾತಿನ ನಡುವೆಯೇ ಮೈಕಣ್ಣ ಕೊರಳು ತಿರುಗಿಸಿ, "ಸಕ್ಕರೆ ಡಬ್ಬಿ ಒಲೆ ಹಿಂದೆ ಇರ್ಬೇಕು ನೋಡಿ ಅಮ್ಮ, ನಮ್ಮನೇಲೂ ಅಲ್ಲೇ ಇಡೋದು" ಎಂದರು. ಅಲ್ಲೇ ಇತ್ತು.

ಅವರು ಹೋದ ಮೇಲೆ ಅತ್ತೆ ಸೊಸೆಯನ್ನು ಹಿಡಿದು ಕೂರಿಸಿದರು.

"ಕಿವಿ ಹೋದೋಳು ನಾನು, ನನ್ನ ಕೇಳು. ಕಿವಿ ಹೋದೋರು ಗೊಣಗಿದ್ದಕ್ಕೆ ಉತ್ತರ ಕೊಡಲ್ಲ ಕಣೇ. ಕಿರುಚಿದ್ದಕ್ಕೆ ಕೊಡ್ತಾರೆ. ಆ ಮನುಷ್ಯಂಗೆ ಏನೂ ಆಗಿಲ್ಲ."

"ಹಂಗಾದ್ರೆ ತಪ್ಪು ಎಲ್ಲಿದೆ ಅತ್ತೆ? ವೈರು ನಾನೇ ನೋಡಿದೀನಿ."

"ನೀನು ವೈರು ನೋಡಿದ್ಯಾ, ಪುಸ್ತಕ ನೋಡಿದ್ಯಾ?"

ಶುಕ್ರವಾರ ಬೆಳಗ್ಗೆ ವೈರಕ್ಕ ತಡೆ ಅಳೆಯುವ ಮೀಟರ್ ಹಿಡಿದು ಸಭಾಂಗಣಕ್ಕೆ ಹೋದರು. ಕೊನೆಯ ಸ್ಪೀಕರಿನ ಬಳಿ ಜೋಡಿ ವೈರಿನ ಎರಡೂ ತುದಿಗಳನ್ನು ಬಿಚ್ಚಿ ಒಂದಕ್ಕೊಂದು ಹೆಣೆದರು. ಇನ್ನೊಂದು ತುದಿಗೆ ಬಂದು ಮೀಟರಿನ ಕಡ್ಡಿಗಳನ್ನು ಮೊದಲು ಪರಸ್ಪರ ಮುಟ್ಟಿಸಿ, ಅದರದೇ ತಡೆಯನ್ನು ಲೆಕ್ಕದಿಂದ ಕಳೆದರು. ಆಮೇಲೆ ವೈರಿಗೆ ಹಚ್ಚಿದರು. ಓಮಿನ ಹತ್ತು ಪಾಲಿನಲ್ಲಿ ನಾಲ್ಕು ಬರಬೇಕಿತ್ತು. ಎಂಟು ಬಂತು. ಬ್ಯಾಟರಿ ಬದಲಿಸಿದರು. ಎಂಟು. ಚೀಲದಿಂದ ಹಗ್ಗ ತೆಗೆದು ಅಳೆದರು. ಅರವತ್ತೆಂಟು ಗಂಟು.

"ಸರಿಯಾಗಿ ಎರಡರಷ್ಟು. ಬೇರೆ ಏನೇ ತಪ್ಪಾಗಿದ್ರೂ ಹಿಂಗೆ ಸರಿಯಾಗಿ ಎರಡರಷ್ಟು ಬರಲ್ಲ. ಅದು ನನ್ನದೇ ರುಜು."

ಹೊಸ ಸ್ಪೀಕರ್ ಸಿಕ್ಕಿಸಿದ ಅಂಗಡಿಯವರ ಮೇಲೆ ಹಾಕಬಹುದಿತ್ತು. ಒಂದು ವೈರಿಗೆ ಎರಡು ಸ್ಪೀಕರ್ ಹೊರಿಸಿದ್ದು ಅವರೇ ತಾನೆ. ಹೇಳಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ವ್ಯಾನಿನಲ್ಲಿ ಗಂಡ ಅದನ್ನೇ ಹೇಳಿದರಂತೆ. ವೈರಕ್ಕ ಇಳಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಅಲ್ಲಿ ನಡೆದ ಮಾತನ್ನು ವೈರಕ್ಕ, ಪ್ರಿನ್ಸಿಪಾಲರು, ಮೈಕಣ್ಣ ಮೂವರೂ ಒಂದೇ ಥರ ಹೇಳುತ್ತಾರೆ. ಮೈಕಣ್ಣ ಬಾಗಿಲಾಚೆ ನಿಂತು ಕೇಳಿಸಿಕೊಂಡದ್ದು.

"ವೈರು ಸರಿ ಇದೆ ಅಂತ ನೀವೇ ಸಹಿ ಹಾಕಿದೀರಲ್ಲ?"

"ಹಾಕಿದ್ದೆ ಮೇಡಂ. ನೋಡದೇ ಹಾಕಿದ್ದೆ. ಎರಡೂವರೆಯೂ ಸಾಲದ ಕಡೆ ಒಂದೂವರೆ ಎಳೆದಿದೀನಿ."

"ಈಗ ನಿಜ ಹೇಳ್ತಿದೀರೋ, ಅವರನ್ನ ಉಳಿಸೋಕೆ ಹೇಳ್ತಿದೀರೋ?"

"ನಾನು ಹೇಳಿದ್ದನ್ನ ನಂಬಬೇಡಿ ಮೇಡಂ. ಒಂದ್ಸಲ ನಂಬಿ ಆಗಿದೆಯಲ್ಲ. ವೈರು ಬದಲಾಯಿಸ್ತೀನಿ, ನೀವೇ ಕೂತು ಕೇಳಿ."

ಪ್ರಿನ್ಸಿಪಾಲರು ಕ್ಯಾಲೆಂಡರ್ ನೋಡಿದರು. ಸೋಮವಾರ ಒಂಬತ್ತು ಗಂಟೆ. ಗುಂಡಿ ಐದು ದಾಟಬಾರದು. ಆಗದಿದ್ದರೆ ನೋಟಿಸು ಹಾಗೇ ಜಾರಿಯಾಗುತ್ತದೆ, ಸಭಾಂಗಣದ ಕೆಲಸವೂ ಬೇರೆಯವರಿಗೆ ಹೋಗುತ್ತದೆ.

ಆದ್ದರಿಂದ ಈ ಭಾನುವಾರ. ಅರವತ್ತೆಂಟು ಗಂಟಿಗೆ ನಾಲ್ಕು ಸ್ಕ್ವೇರ್. ಒಂದು ವೈರಿಗೆ ಎರಡು ಸ್ಪೀಕರ್ ಬೇಡ, ಹಿಂದಿನ ನಾಲ್ಕಕ್ಕೂ ಪ್ರತ್ಯೇಕ ವೈರು. ಒಟ್ಟು ನೂರ ನಲವತ್ತು ಮೀಟರಿನ ಹತ್ತಿರ. ಗೋಡೆಯೊಳಗಿನ ಪೈಪಿನಲ್ಲಿ ಇಷ್ಟು ದಪ್ಪ ತೂರುವುದಿಲ್ಲವಾದ್ದರಿಂದ ತೊಲೆಯ ಗುಂಟ ಬಿಳಿ ಪ್ಲಾಸ್ಟಿಕ್ ಪಟ್ಟಿ ಹೊಡೆದು ಅದರೊಳಗೆ ಹಾಯಿಸಬೇಕು. "ಚಂದ ಹೋಯ್ತು ಅಂತ ಮೇಡಂ ಬೈತಾರೆ. ಬೈಲಿ. ಕಣ್ಣಿಗೆ ಕಂಡ್ರೆ ಯಾರಾದ್ರೂ ಅಳೆದಾದ್ರೂ ನೋಡ್ತಾರೆ" ಎನ್ನುತ್ತಾರೆ ವೈರಕ್ಕ. ಹಳೆಯ ವೈರನ್ನು ಪೈಪಿನಿಂದ ಎಳೆದು ತೆಗೆಯುವಾಗ ಅವರು ಯಾರ ಸಹಾಯವನ್ನೂ ಕೇಳುವುದಿಲ್ಲ. ಅದು ಸುಣ್ಣದ ಪುಡಿ ಮೆತ್ತಿಕೊಂಡು, ಬೆಳ್ಳಗೆ, ನಿಧಾನವಾಗಿ ಬರುತ್ತದೆ.

"ತಾಮ್ರ ಒಳ್ಳೇದಿದೆ ನೋಡ್ರಿ, ಇನ್ನೂ ಕೆಂಪಗಿದೆ" ಎಂದು ಗಂಡ ಸಮಾಧಾನಕ್ಕೆ ಹೇಳುತ್ತಾರೆ. ಹೆಂಡತಿಗೆ ಬಹುವಚನ ಬಂದಿದೆ ಎಂದರೆ ಪರಿಸ್ಥಿತಿ ಗಂಭೀರ ಎಂದು ಅರ್ಥ.

"ವೈರು ಏನ್ ತಪ್ಪು ಮಾಡಿದೆ ಪಾಪ. ಚಿಕ್ಕ ಕೋಣೆಗೆ ಹಾಕಿದ್ರೆ ನೂರು ವರ್ಷ ಬಾಳುತ್ತೆ. ಸುತ್ತಿಡಿ."

ಮೈಕಣ್ಣ ಸುತ್ತಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಅವರನ್ನು ಕಾಡತೊಡಗುತ್ತದೆ. "ವೈರಕ್ಕ, ನಾಳೆ ಇದೆಲ್ಲ ಸರಿಹೋಗಿ, ಆಮೇಲೂ ನಂಗೆ ಕೇಳಿಸದೇ ಇದ್ರೆ?" ಪಟ್ಟಿಗೆ ಮೊಳೆ ಹೊಡೆಯುತ್ತಿದ್ದ ವೈರಕ್ಕ ಸುತ್ತಿಗೆಯನ್ನು ನಿಲ್ಲಿಸಿ, ತಿರುಗದೆ, ತುಟಿ ಅಲ್ಲಾಡಿಸಿಯೂ ಅಲ್ಲಾಡಿಸದಂತೆ, "ಅಣ್ಣ, ಎರಡು ಮೊಳೆ ಕೊಡಿ" ಎನ್ನುತ್ತಾರೆ. ಎಂಟು ಸಾಲು ಆಚೆಯಿಂದ ಮೈಕಣ್ಣ ಮೊಳೆಯ ಡಬ್ಬಿ ಹಿಡಿದು ಏಳುತ್ತಾರೆ. ಅರ್ಧ ದಾರಿಯಲ್ಲಿ ಅವರಿಗೆ ಅರ್ಥವಾಗಿ ನಿಂತುಬಿಡುತ್ತಾರೆ. ಏಣಿ ಹಿಡಿದ ಗಂಡ ನಗು ತಡೆಯಲಾಗದೆ ಏಣಿಯನ್ನೇ ಅಲ್ಲಾಡಿಸಿ ಬೈಸಿಕೊಳ್ಳುತ್ತಾರೆ.

ಸಂಜೆ ಐದರ ಹೊತ್ತಿಗೆ ಮೀಟರು ಹತ್ತು ಪಾಲಿನಲ್ಲಿ ಮೂರು ತೋರಿಸುತ್ತದೆ. ಮುಚ್ಚುವ ಮೊದಲು ವೈರಕ್ಕ ಗೋಡೆಯ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ಬರೆಯುತ್ತಾರೆ: ಹೋಗಲು ೩೪, ಬರಲು ೩೪, ದಪ್ಪ ೪. ಅದರ ಕೆಳಗೆ ಸಣ್ಣದಾಗಿ: ಮೊದಲು ೧.೫ ಹಾಕಿದ್ದು ತಪ್ಪು. ಹೆಸರು ಬರೆಯುವುದಿಲ್ಲ. ಮುಂದೆ ಬಿಚ್ಚುವವರಿಗೆ ಉದ್ದ ಬೇಕು, ಹೆಸರಿನಿಂದ ಅವರಿಗೇನು ಎಂಬುದು ಅವರ ವಾದ.

ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಸಭಾಂಗಣ ತುಂಬಿದೆ. ಕೊನೆಯ ಸಾಲಿನ ಬಲತುದಿಯಲ್ಲಿ ಪ್ರಿನ್ಸಿಪಾಲರು, ಎಡತುದಿಯಲ್ಲಿ ವೈರಕ್ಕ ಮತ್ತು ಅವರ ಗಂಡ. ಪಾಠ ಮಾಡುವವರದು ಮೆಲುದನಿ. ಮೈಕಿನಿಂದ ಒಂದು ಅಡಿ ದೂರ ನಿಂತು ಮಾತಾಡುವ ಅಭ್ಯಾಸ. ಪುಟ್ಟ ಕೋಣೆಯ ಕಿಟಕಿಯಲ್ಲಿ ಮೈಕಣ್ಣನ ತಲೆ ಕಾಣುತ್ತದೆ. ಗುಂಡಿಯನ್ನು ನಾಲ್ಕಕ್ಕೆ ಇಟ್ಟು, ಅವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕುಳಿತುಬಿಟ್ಟಿದ್ದಾರೆ. ಎಂಟು ತಿಂಗಳ ಅಭ್ಯಾಸ. ಬಿಟ್ಟರೆ ಕೈ ತಾನಾಗಿ ಗುಂಡಿಗೆ ಹೋಗುತ್ತದೆ.

ಪಾಠ ಶುರುವಾಗುತ್ತದೆ. ಹಿಂದಿನ ಸಾಲುಗಳಲ್ಲಿ ಯಾರೂ ಕೈ ಎತ್ತುವುದಿಲ್ಲ. ಐದು ನಿಮಿಷ ಕಳೆಯುತ್ತದೆ, ಹತ್ತು ಕಳೆಯುತ್ತದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದಾರೆ. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಕ್ಕು, ಪ್ರಿನ್ಸಿಪಾಲರು ನೋಡಿದ್ದಕ್ಕೆ ಮತ್ತೆ ಬರೆಯತೊಡಗುತ್ತಾಳೆ. ನಲವತ್ತು ನಿಮಿಷವೂ ಗುಂಡಿ ನಾಲ್ಕರಲ್ಲೇ ಇರುತ್ತದೆ.

ಗಂಟೆ ಹೊಡೆದ ಮೇಲೆ ಪ್ರಿನ್ಸಿಪಾಲರು ನೇರ ಪುಟ್ಟ ಕೋಣೆಯ ಬಾಗಿಲಿಗೆ ಹೋಗುತ್ತಾರೆ. ಮೈಕಣ್ಣ ಎದ್ದು ನಿಲ್ಲುತ್ತಾರೆ. ಕೈಗಳು ಜೋಮು ಹಿಡಿದು ಎರಡೂ ಕೆಂಪಾಗಿವೆ.

"ನಾಳೆ ಎರಡನೇ ವರ್ಷದವರ ಪಾಠ ಎಂಟಕ್ಕೇ ಇದೆ. ಬೇಗ ಬಂದು ಹಾಲ್ ತೆಗೀರಿ" ಎನ್ನುತ್ತಾರೆ ಅವರು. ನಾಲ್ಕು ಹೆಜ್ಜೆ ನಡೆದು, ತೊಲೆಯ ಮೇಲಿನ ಬಿಳಿ ಪಟ್ಟಿಯನ್ನು ನೋಡಿ, "ಅದಕ್ಕೊಂದು ಬಣ್ಣವಾದರೂ ಹೊಡೆಸಿ" ಎಂದು ಸೇರಿಸಿ ಹೊರಟುಹೋಗುತ್ತಾರೆ.

ಸಭಾಂಗಣ ಖಾಲಿಯಾಗುತ್ತಿದೆ. ವೈರಕ್ಕ ಮಾತ್ರ ಕುಳಿತಲ್ಲೇ ಕುಳಿತಿದ್ದಾರೆ. ನಿನ್ನೆ ಪಟ್ಟಿ ಕತ್ತರಿಸುವಾಗ ಕೊಯ್ದುಕೊಂಡ ತೋರುಬೆರಳಿನ ಬಟ್ಟೆ ಬಿಚ್ಚಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ.

"ಏಳೇ, ಮುಗೀತು. ಗೆದ್ದೆ" ಎನ್ನುತ್ತಾರೆ ಗಂಡ.

"ರೀ, ಗಾಯ ನಡುವಿಂದ ಹೊರಗಡೆಗೆ ಒರೆಸ್ಬೇಕಂತೆ. ಹೊರಗಿಂದ ಒಳಗೆ ಒರೆಸಿದ್ರೆ ಸುತ್ತಲಿನ ಕೊಳೆನೆಲ್ಲ ನಾವೇ ಒಳಗೆ ತಳ್ಳಿದ ಹಾಗಂತೆ. ಇಷ್ಟು ವರ್ಷ ನಾನು ಉಲ್ಟಾ ಮಾಡ್ತಿದ್ದೆ ನೋಡಿ."

"ಯಾರಂದ್ರು?"

"ಈಗ ಪಾಠ ಮಾಡಿದ್ರಲ್ಲ, ಅವರೇ. ನೀವೇನು ಮಲಗಿದ್ರಾ?"

ಇಪ್ಪತ್ತೇಳು ವರ್ಷಗಳಲ್ಲಿ ತಾವು ವೈರು ಎಳೆದ ಒಂದು ಸಭಾಂಗಣದಲ್ಲೂ ಅವರು ಪೂರ್ತಿ ಕಾರ್ಯಕ್ರಮ ಕೇಳಿದವರಲ್ಲ. ಮೊದಲ ಮಾತು ಹಿಂದಿನ ಸಾಲಿಗೆ ಮುಟ್ಟಿತೆಂದು ಖಾತ್ರಿಯಾದರೆ ವ್ಯಾನು ಹತ್ತಿಬಿಡುವುದೇ ರೂಢಿ. ಬೆರಳಿಗೆ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳುತ್ತಾ ಅವರು ಪುಟ್ಟ ಕೋಣೆಯ ಕಡೆ ನೋಡುತ್ತಾರೆ.

"ಮುಂದಿನ ಸೋಮವಾರ ಸುಟ್ಟ ಗಾಯದ ಪಾಠ ಅಂತೆ. ಈ ಕುರ್ಚೀಲೇ ಬಂದು ಕೂತ್ಕೋಬಹುದಾ ಅಂತ ಮೈಕಣ್ಣನ್ನ ಕೇಳ್ಬೇಕು."